ಐದರ ಮೇಲಿನ ಉಬ್ಬು

ಸಾಲೋ ಎಂಬ ಫಿನ್‌ಲೆಂಡಿನ ಊರಿನಲ್ಲಿ
ಸಾಲಿನ ಕೊನೆಗೆ ನಿಂತವಳು ಹಿಲ್ಕಾ,
ಹದಿನಾರು ವರ್ಷ.
ಮುಂದಿನವರು ಕೂಡಿಸಿ ಕಳಿಸಿದ ಫೋನನ್ನು
ಒತ್ತಿ ನೋಡುವುದು ಅವಳ ಕೆಲಸ.
ಒಂದರಿಂದ ಒಂಬತ್ತು, ನಕ್ಷತ್ರ, ಸೊನ್ನೆ,
ಐದರ ಮೇಲೆ ಸಾಸಿವೆಯಷ್ಟು ಉಬ್ಬು ಇದೆಯೇ, ಇದೆ.
ಗುಂಡಿ ಅದುಮಿದರೆ ಪರದೆ ಬೆಳಗುತ್ತಿತ್ತು,
ಎಡದಿಂದ ಒಂದು ಕೈ, ಬಲದಿಂದ ಒಂದು ಕೈ
ಒಂದನ್ನೊಂದು ಹುಡುಕಿಕೊಂಡು ಬರುತ್ತಿದ್ದವು.
ಅವು ಕೂಡುವುದರೊಳಗೆ ಆರಿಸಿ ಡಬ್ಬಕ್ಕಿಡಬೇಕು.
ಪಾಳಿಗೆ ನಾನೂರು.
ಕಂಡವರ ಮದುವೆ ಓಡಾಡಿ ಮಾಡಿಸಿ
ಧಾರೆಗೆ ನಿಲ್ಲದೆ ಎದ್ದು ಬಂದ ಹಾಗೆ.

ಬಾಗಿಲು ಮುಚ್ಚಿದ ದಿನ
ಮ್ಯಾನೇಜರನೊಬ್ಬ ಎಲ್ಲರ ಕೈ ಕುಲುಕಿದ.
ಅವನ ಕೈ ತಣ್ಣಗಿತ್ತು. ಇವಳದೂ.

ಈಗ ಅವಳ ಅಡುಗೆಮನೆಯ ಮೂರನೆಯ ಖಾನೆ
ಎಳೆದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.
ಹನ್ನೊಂದು ಫೋನು.
ಮಗ ಮೊಪೆಡ್ಡಿನಿಂದ ಬಿದ್ದಾಗ ಅವನೊಂದಿಗೆ ಬಿದ್ದದ್ದು,
ನಾದಿನಿ ಪೈವಿ ಸೌನಾದಲ್ಲಿ ಮರೆತು ಬೇಯಿಸಿದ್ದು,
ಯಾರದೆಂದೇ ತಿಳಿಯದ ಕೆಂಪನೆಯದೊಂದು,
ಮತ್ತೆ ಇತ್ತೀಚಿನ ಗಾಜಿನವು.
ಇವುಗಳ ಮೇಲೆ ಅವಳಿಗೆ ಅಂಥ ಪ್ರೀತಿಯೇನಿಲ್ಲ.
ಅವುಗಳಲ್ಲೊಂದು ಬೆನ್ನುಬ್ಬಿಸಿಕೊಂಡು ಮಲಗಿತ್ತು.
ಉಬ್ಬಿದ ಬ್ಯಾಟರಿ ಮನೆಯೊಳಗಿರಬಾರದು ಎಂದು
ಗ್ರಂಥಾಲಯದಲ್ಲಿ ಯಾರೋ ಅಂದ ರಾತ್ರಿ
ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮರಳು ಮುಚ್ಚಿ
ಬಾಲ್ಕನಿಗೆ ಹಾಕಿ
ಬೆಳಗಿನವರೆಗೆ ಎದ್ದೆದ್ದು ನೋಡಿದಳು.

ಫೆಬ್ರವರಿಯ ಮಂಗಳವಾರ, ಮೈನಸ್ ಹದಿನೆಂಟು,
ಮೂಗಿನೊಳಗೆ ಉಸಿರೂ ಗರಿಗರಿ.
ಒದ್ದು ಜಾರಿಸುವ ಹಿಮಬಂಡಿಯ ಮೇಲೆ
ಚೀಲ, ಡಬ್ಬಿ, ಎರಡನ್ನೂ ಕಟ್ಟಿಕೊಂಡು ಹೋದಳು.
ಅಂಗಡಿಯಲ್ಲಿ ಯೂಸೋ, ಹತ್ತೊಂಬತ್ತರ ಹುಡುಗ,
ಬಾಯಿಪಾಠ ಒಪ್ಪಿಸಿದ:
ಸಿಮ್ ತೆಗೆದಿರಾ? ಫೋಟೋ ಅಳಿಸಿದಿರಾ?
ಬ್ಯಾಟರಿ ಬೇರೆ, ಮೈ ಬೇರೆ, ತುದಿಗಳಿಗೆ ಟೇಪು.
ಉಬ್ಬಿದ್ದನ್ನು ನನ್ನ ಕೈಗೇ ಕೊಡಿ.
ಮುಂದೆ ಕುಲುಮೆ. ತಾಮ್ರ ಬರುತ್ತೆ,
ಚಿನ್ನವೂ ಒಂಚೂರು.
“ಹದಿನಾರು ವರ್ಷ ಚಿನ್ನ ಮುಟ್ಟಿದೆನೆ?
ಸಂಬಳದಲ್ಲಿ ಗೊತ್ತೇ ಆಗಲಿಲ್ಲ ನೋಡು.”

ಟಪ್ ಟಪ್ ಎಂದು ಒಂಬತ್ತು ಹಾಕಿದಳು.
ಬಾಗಿದಾಗ ಕಂಡಿತು,
ಇನ್ನಾರೋ ಎಸೆದ ಬೂದುಬಣ್ಣದ್ದು, ಅಂಗಾತ.
ಅವಳು ಯೋಚಿಸುವ ಮುಂಚೆ
ಹೆಬ್ಬೆರಳು ಬೆನ್ನ ಮುಚ್ಚಳ ಸರಿಸಿ
ಬ್ಯಾಟರಿ ಎತ್ತಿಯಾಗಿತ್ತು.
ಅಡಿಯ ಚೀಟಿಯಲ್ಲಿ ಇರುವೆಸಾಲಿನಂಥ ಅಂಕಿಗಳು,
ಅವಳಿಗಷ್ಟೇ ಓದಬರುವ ಪಂಚಾಂಗ:
ಆ ವರ್ಷ, ಆ ವಾರ, ಸಂಜೆ ಪಾಳಿ.
ಹೆತ್ತವರಿಗೆ ಹೆಗ್ಗಣ ಮುದ್ದು.

“ಒಳಗಿನದನ್ನು ತೆಗೆಯುವ ಹಾಗಿಲ್ಲ.”
“ತೆಗೆಯುತ್ತಿಲ್ಲ ಮಗಾ, ಪರೀಕ್ಷೆ ಮಾಡ್ತಿದ್ದೇನೆ.”
ಹಳೇ ಸಾಮಾನಿನಲ್ಲಿ ತಡಕಿ
ಸೂಜಿಮೂತಿಯ ಚಾರ್ಜರ್ ಅವನೇ ತಂದ.
ಗಿರಾಕಿಗಳಿರಲಿಲ್ಲ. ಕಾದರು.
ಹಿಮ ಗೋರುವ ಟ್ರ್ಯಾಕ್ಟರ್ ಎರಡು ಸಲ ಹೋಗಿಬಂತು.

ಬೆಳಗಿತು.
ಎಡದಿಂದ ಒಂದು ಕೈ.
ಬಲದಿಂದ ಒಂದು ಕೈ.
ಹಿಲ್ಕಾ ಆರಿಸಲಿಲ್ಲ.

“ಇಷ್ಟೇನಾ?” ಅಂದ ಹುಡುಗ.
ಇಷ್ಟೇ.
ಆಮೇಲೆ ಅವನ ಅಂಗೈಯಲ್ಲಿ ಅದನ್ನಿಟ್ಟು
ಕಣ್ಣು ಮುಚ್ಚು, ಐದನ್ನು ಹುಡುಕು ಅಂದಳು,
ನಿನ್ನ ಹೆಸರು ಶುರುವಾಗುವುದು ಅಲ್ಲಿಂದಲೇ.
ಗಾಜು ಸವರಿಯೇ ಬೆಳೆದ ಬೆರಳು
ಜಾರಿತು, ಎಡವಿತು,
ಮತ್ತೆ ಸಾಸಿವೆ ಸಿಕ್ಕಿ ನಿಂತಿತು.
ಒಂದೇ ಒಂದು ಅಕ್ಷರ ಮೂಡಿತು.
ಅವನು ನಕ್ಕ, ಕಣ್ಣು ಮುಚ್ಚಿಕೊಂಡೇ.

ಐದು ಗಂಟೆಗೆ ಬ್ಯಾಟರಿ ಬೇರೆ, ಮೈ ಬೇರೆ.
ಟೇಪನ್ನು ಹಿಲ್ಕಾಳೇ ಸುತ್ತಿದಳು,
ಸುಕ್ಕಿಲ್ಲದೆ, ಪಾಳಿಯಲ್ಲಿದ್ದಂತೆ.

ಮನೆಯಲ್ಲಿ ಖಾನೆ ಪೂರಾ ಹೊರಬಂತು,
ಬಂದ ರಭಸಕ್ಕೆ ಕೈಗೇ ಕಳಚಿ ಬಂತು.
ಕೆಂಪನೆಯದು ಮಾತ್ರ ಕೋಟಿನ ಜೇಬಿನಲ್ಲೇ ಇತ್ತು.
ಮರೆತಳೋ, ಏನೋ.
ಯಾರದೆಂದು ತಿಳಿದರೆ ಕೊಡಬಹುದು.