ಸಂಜೆ ಹಾಜರಿ

ಶಹಾಬಜಾರದ ಶಾಲೆ. ಹಗಲು ಮೂರನೇತ್ತೆಯ ಬೆಂಚು,
ಆರೂವರೆಗೆ ನಮ್ಮ ಕಾಲೇಜು.
ಯಾರ ಮೊಣಕಾಲೂ ಹಿಡಿಸುವುದಿಲ್ಲ.

ಹಾಜರಿ ಕೂಗುತ್ತೇನೆ.
ಅಂಬವ್ವ? ಇಲ್ರಿ, ಮಿಲ್ಲಿನಾಗ ಓವರ್‌ಟೈಮು.
ಖಾಜಾಪಾಶಾ ಬಂದಿದ್ದಾನೆ,
ಹುಬ್ಬಿಗೆ ತೊಗರಿ ಧೂಳು ಹಾಗೇ.
ಬೋರ್ಡಿನ ಮೇಲೆ ಜಮಾ-ಖರ್ಚು ಬರೆದರೆ ನಗುತ್ತಾನೆ:
'ಖರ್ಚು ಗೊತ್ತದ್ರಿ ಸರ್, ಜಮಾ ಅಷ್ಟೇ ಕಲಿಸ್ರಿ.'

ನಾಗಿಣಿಬಾಯಿಗೆ ಕಿಟಕಿ ಕಡೆಯ ಬೆಂಚೇ ಬೇಕು.
ಹಗಲು ಅಲ್ಲಿ ಕೂಡುವವಳು ಅವಳ ಮಗಳು,
ಪಿನ್ನಿನಲ್ಲಿ ಹೆಸರು ಕೆತ್ತಿದ್ದಾಳೆ, ಒತ್ತು ಬಿಟ್ಟು.
ನಿನ್ನೆ ಡೆಸ್ಕಿನಡಿ ಒಂದು ಚೀಟಿ
(ಓದಬಾರದಿತ್ತು, ಓದಿದೆ):
'ಯವ್ವಾ, ಭಾಗಾಕಾರ ತಪ್ಪಾಗ್ಯಾದ,
ನಿನಗ ಬಂದ್ರ ತಿದ್ದು.'

ಒಂಬತ್ತಾಯಿತು. ಆಳಂದ ನಾಕಾದ ಆಟೋಗಳೂ ಖಾಲಿ.
ಅವಳಿನ್ನೂ ಅಂಕಿ ಇಳಿಸುತ್ತಿದ್ದಳು,
ತುಟಿ ಕಚ್ಚಿ, ಬೆರಳು ಮಡಿಚಿ.
ಚಾಕು ಹಿಡಿದು ಬಗ್ಗಿದೆ.
'ತಡೀರಿ ಸರ್,
ಹೇಳಬ್ಯಾಡ್ರಿ.'