ಕಾಟಾ

ಮಡಗಾಂವಿನಿಂದ ಬರುತ್ತ, ಕುಡ್ತರಿಯ ಕೆರೆ ದಾಟಿ
ಎಡಕ್ಕೆ ತಿರುಗಿದರೆ ಕಾಯ್ತಾನನ ಅಕ್ಕಿ ಗಿರಣಿ.
ಈಗ ಅದು ಮನೆ. ಪುಣೆಯ ಬಾಯೇರು ಕೊಂಡಿದ್ದಾರೆ.
ವೈರಿಂಗ್ ನನ್ನದು: ಇಪ್ಪತ್ತೆರಡು ಪಾಯಿಂಟು,
ಜಗಲಿಗೆ ಮಂದ ಬೆಳಕು, ಮೆಟ್ಟಿಲಿಗೆ ಅದಕ್ಕಿಂತ ಮಂದ.

ತೊಲೆಗೆ ಡ್ರಿಲ್ಲು ಇಟ್ಟಾಗೆಲ್ಲ
ಸುರಿಯುತ್ತಿತ್ತು ಹೊಟ್ಟು,
ಯಾರೋ ಎಂದೋ ಉಂಡು ಮುಗಿಸಿದ ಅನ್ನದ ಸಿಪ್ಪೆ,
ನನ್ನ ರೆಪ್ಪೆಯ ಮೇಲೆ.
ಮೂರು ಸಲ ಗುಡಿಸಿದರು.
ನಾಲ್ಕನೆಯ ದಿನ ಫ್ಯಾನು ಹಾಕಿ ನೋಡಿದೆ,
ಮತ್ತೆ ಬಂತು.

ಎಂಜಿನ್ನು ಕೂತಿದ್ದ ಗುಂಡಿಯಲ್ಲಿ ನೀರು, ಎರಡು ಕೆಂಪು ಮೀನು.
ಪಟ್ಟಾ ಓಡುತ್ತಿದ್ದ ಗೋಡೆಯ ಸೀಳಿಗೆ ಗಾಜು.
"ಎಂಥಾ ಶಾಂತಿ ಅಲ್ಲವಾ ಇಲ್ಲಿ?"
ಅಂದರು ಬಾಯೇರು, ಹಿಂದಿಯಲ್ಲಿ, ಮೆಲ್ಲಗೆ.
ಹೌದೆಂದೆ. ಬಿಲ್ಲು ಇನ್ನೂ ಬಾಕಿ ಇತ್ತು.

ಇದೇ ಗಿರಣಿಯಲ್ಲಿ ಹನ್ನೊಂದು ವರ್ಷ
ನನ್ನವ್ವ ಫಕೀರವ್ವ ಬೆಂದ ಭತ್ತ ಹರವಿದಳು, ಕೇರಿದಳು,
ತೂಕದ ಮೇಲೆ ಕೂಲಿ.
ಸಂಜೆ ಸೆರಗಿನಲ್ಲಿ ನುಚ್ಚು,
ಕಿವಿಯಲ್ಲಿ ಎಂಜಿನ್ನು.
ನುಚ್ಚು ನಾವು ಉಂಡೆವು. ಎಂಜಿನ್ನು ಅವಳಲ್ಲೇ ಉಳಿಯಿತು.
ಈಗಲೂ ಅದರ ಮೇಲೆ ಕೂಗಿಯೇ ಮಾತಾಡುತ್ತಾಳೆ,
ಸತ್ತವರ ಮನೆಯಲ್ಲೂ.

ದೀಪ ಹಚ್ಚುವ ದಿನ ಕರೆದುಕೊಂಡು ಹೋದೆ.
ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಆಗ ಚಪ್ಪಲಿ ಎಲ್ಲಿತ್ತು?
ಸೋಫಾ, ಮೀನು, ಗಾಜು ಯಾವುದನ್ನೂ ನೋಡಲಿಲ್ಲ.
ಗೋಡೆಗೆ ಅಂಗೈ ಇಟ್ಟಳು,
ಜ್ವರ ಬಂದವರ ಹಣೆಗೆ ಇಟ್ಟ ಹಾಗೆ.
"ಪಟ್ಟಾ ಬಿಚ್ಯಾರೇನೋ!"
ಬಾಯೇರ ಕೈಯ ಚಹಾ ತುಳುಕಿತು.

ಮೂಲೆಯಲ್ಲಿ ಜರೀಗಿಡದ ಕುಂಡ ಹೊತ್ತು ನಿಂತಿತ್ತು
ಹಳೆಯ ಕಾಟಾ,
ಹಿತ್ತಾಳೆ ದಂಡಕ್ಕೆ ಹೊಸ ಪಾಲಿಶು.
ಅವ್ವ ಕುಂಡ ಇಳಿಸಿದಳು.
ನಿರಿಗೆ ಎತ್ತಿ ಹಿಡಿದು ಹತ್ತಿ ನಿಂತಳು.
ಬೆರಳಿಂದ ಗುಂಡು ಸರಿಸುತ್ತ ಸರಿಸುತ್ತ
ನಲವತ್ತೊಂದಕ್ಕೆ ತಂದಳು.
"ಎರಡು ಕಿಲೋ ತಿಂತೈತ್ರೀ ಇದು! ಆಗಿಂದಾನೂ!"

"ಏನಂದರು?" ಬಾಯೇರು ನನ್ನ ಕಡೆ ತಿರುಗಿದರು.
ಹಿಂದಿಯಲ್ಲಿ ಹುಡುಕಿದೆ.
ಚೀಲಕ್ಕೆ ಎರಡು, ದಿನಕ್ಕೆ ಇಷ್ಟು ಚೀಲ,
ವರ್ಷ ಹನ್ನೊಂದು...
ಲೆಕ್ಕ ನಾಲಗೆಯ ತನಕ ಬಂತು.
"ಕಾಟಾ ಚಲೋ ಇದೆ ಅಂತಾಳೆ" ಅಂದೆ.

ಅವ್ವ ಇನ್ನೂ ಅದರ ಮೇಲೆಯೇ ಇದ್ದಳು,
ದಂಡ ಅಲುಗದಿರಲಿ ಅಂತ
ಉಸಿರು ಹಿಡಿದು.