ಎಂಟು ಬರೆಯುವುದು

ಇಪ್ಪತ್ತೆಂಟು ವರ್ಷ ನಂಬರ್ ಪ್ಲೇಟು ಬರೆದವನು ನಾನು,
ಬಂದ್ಯೋಡಿನ ಸೈಕಲ್ ಅಂಗಡಿಯ ಬದಿಯಲ್ಲಿ
ಒಂದು ಸ್ಟೂಲು, ಎರಡು ಡಬ್ಬಿ, ಅಳಿಲುಬಾಲದ ಕುಂಚ.
ಕೆಎಲ್ ಹದಿನಾಲ್ಕು. ಆಮೇಲಿನದು ಅವರವರ ಅದೃಷ್ಟ.
ಕೂಡಿದರೆ ಎಂಟಾಯಿತೆಂದು ಮೋರೆ ಸಣ್ಣ ಮಾಡುವವರಿದ್ದರು.
ನನಗೆ ಎಂಟೇ ಇಷ್ಟ.
ಉಸಿರು ಹಿಡಿದು ಒಂದೇ ಎಳೆತಕ್ಕೆ ಬಂದರೆ ಬಂತು,
ನಡುವೆ ಕೈ ನಿಂತರೆ ಸೊಂಟದಲ್ಲಿ ಗಂಟು.

ಗಾಡಿ ಮಾತ್ರ ಬಿಟ್ಟವನಲ್ಲ.
ಬೇಕಾದವರು ಗಾಡಿಯನ್ನು ನನ್ನೆದುರೇ ತಂದು ನಿಲ್ಲಿಸುತ್ತಿದ್ದರು.
ಈಗ ಪ್ಲೇಟು ಅಚ್ಚೊತ್ತಿಯೇ ಬರುತ್ತದೆ.
ಉಳಿದದ್ದು ಗೋಡೆ: ಅಂಗನವಾಡಿಯ ಆನೆ, ನವಿಲು,
ಪೆರ್ಲದಲ್ಲೊಂದು, ಬಾಯಾರಿನಾಚೆ ಇನ್ನೊಂದು,
ಕೊನೆಯ ಬಸ್ಸು ಹೋದ ಮೇಲೆ ಒಣಗುವ ಬಣ್ಣ.

ನಲವತ್ತೊಂಬತ್ತಕ್ಕೆ ಲರ್ನರ್ಸ್.
ಕಲಿಸಿದವಳು ಮೈಮೂನ, ನನ್ನ ಮಗಳ ಪ್ರಾಯ.
ಪದವಿನ ಮುರಕಲ್ಲ ಮೇಲೆ ಸುಣ್ಣದಲ್ಲಿ ಎಂಟು ಎಳೆದು
‘ಕಾಲು ಕುತ್ತರುದ್’ ಎಂದಳು.
ಮಲಯಾಳದಲ್ಲಿ, ನೆಲಕ್ಕೆ ಕಾಲೂರಬೇಡ ಎಂದರ್ಥ.
ನನ್ನ ಕಿವಿಗೆ ಬಿದ್ದದ್ದು ಕುತ್ತು ಮಾತ್ರ.

ಕ್ಲಚ್ಚು ಬೇಗ ತಿಳಿಯಿತು:
ಅದ್ದಿದ ಕುಂಚವನ್ನು ಡಬ್ಬಿಯ ಅಂಚಿಗೆ ಒತ್ತುತ್ತೇವಲ್ಲ, ಅದೇ.
ಪೂರ್ತಿ ಒತ್ತಿದರೆ ಗೆರೆ ಬಾರದು,
ಒತ್ತದಿದ್ದರೆ ಸೋರುತ್ತದೆ.
‘ಚಕ್ರ ನೋಡಬೇಡಿ ಐತಪ್ಪಣ್ಣ, ಹೋಗುವಲ್ಲಿಗೆ ನೋಡಿ.’
ಇದನ್ನೇ ನಾನು ಹೇಳಿದ್ದೆ, ಕುಂಚದ ತುದಿ ನೋಡುತ್ತ ಕೂರುತ್ತಿದ್ದ ಹುಡುಗನಿಗೆ.
ಅವನೀಗ ಮಂಗಳೂರಿನಲ್ಲಿ ಸ್ಟಿಕರ್ ಕತ್ತರಿಸುತ್ತಾನೆ.

ಮೂರು ಸಲ ಬಿದ್ದೆ.
ಗೇರುಮರದ ಬುಡದ ದನ ತಲೆಯೆತ್ತಿ ನೋಡಿ
ಮತ್ತೆ ಮೇಯತೊಡಗಿತು.

ಕನ್ನಡದ ಎಂಟಕ್ಕೆ ಬಾಯಿ ತೆರೆದಿರುತ್ತದೆ,
ಬೇಕೆಂದಾಗ ಹೊರಗೆ ಬರಬಹುದು.
ಇವರದಕ್ಕೆ ಬಾಗಿಲಿಲ್ಲ.
ಹೊಟ್ಟೆಯಿಂದ ತಲೆಗೆ, ತಲೆಯಿಂದ ಹೊಟ್ಟೆಗೆ,
ಸಾಕು ಎನ್ನುವವರು ಬೇರೆ ಯಾರೋ.

ಮೊದಲ ಟೆಸ್ಟಿನಲ್ಲಿ ಸೊಂಟದ ಹತ್ತಿರವೇ ಎಡಗಾಲು ಊರಿದೆ.
ಎರಡನೆಯದರಲ್ಲಿ ಉಸಿರು ಹಿಡಿದೆ, ಪ್ಲೇಟು ಬರೆಯುವಂತೆ.
ಸಾಹೇಬರು ಫಾರಂ ತುಂಬಿಸಿದರು,
ಒಂದರ ಮೇಲೊಂದು ಸೊನ್ನೆಯಿಟ್ಟು ಎಂಟು ಮಾಡಿದರು.
ನಾನು ಬಾಯಿ ಬಿಡಲಿಲ್ಲ.

ಆಮೇಲೆ ಗಾಡಿ ಯಾವುದೆಂಬ ಪಂಚಾಯಿತಿ.
ಬುಲೆಟ್ ಇರಲಿ, ಗಂಡಸಿನ ಲಕ್ಷಣ ಎಂದ ಭಾವ.
ಬಿದ್ದರೆ ಒಬ್ಬನೇ ಎತ್ತಲಾಗದ್ದನ್ನು ಕೊಳ್ಳಬೇಡ ಎಂದರು ಸೈಕಲ್ ಅಂಗಡಿಯ ಮೊಯ್ದೀನಾಕ.
ಸ್ಕೂಟರ್ ತೆಗೆಯಿರಿ, ಡಬ್ಬಿಯಿಡಲು ಜಾಗ ಉಂಟು
ಎಂದಳು ಸುಗುಣ, ಅವಳದೇ ಸರಿ.
ಎಡಗಾಲಿಗೂ ಕೆಲಸ ಬೇಕಲ್ಲ ಎಂದು ಏನೋ ಹೇಳಿದೆ.
ಆಸೆ ಎನ್ನಲು ನಾಚಿಕೆಯಾಯಿತು.

ಉಪ್ಪಳದ ಹಳೇ ಗಾಡಿಗಳ ಶೆಡ್ಡಿನ ಮೂಲೆಯಲ್ಲಿ
ಒಂದರ ಪ್ಲೇಟು ನೋಡಿ ನಿಂತೆ. ನಾಲ್ಕರ ಕಾಲು ತುಸು ಉದ್ದ.
ನನ್ನದೇ ಕೈ.
ಹಳದಿಯಾದ ಬಿಳಿ, ಅಲುಗದ ಕಪ್ಪು.
ಕಿಕ್ ಹೊಡೆದರೆ ನೀಲಿ ಹೊಗೆ.
ಹೆಬ್ಬೆರಳಿನಿಂದ ನಾಲ್ಕರ ಧೂಳು ಒರೆಸಿ
ಮುಂದಿನದಕ್ಕೆ ಹೋದೆ.

ತಂದದ್ದು ನೂರು ಸಿಸಿಯದ್ದು, ಬೂದಿ ಬಣ್ಣ,
ಕೂತರೆ ಎರಡೂ ಹಿಮ್ಮಡಿ ನೆಲಕ್ಕೆ ಮುಟ್ಟುತ್ತದೆ.
ಮುಳ್ಳೇರಿಯದ ನರ್ಸೊಬ್ಬರು ಓಡಿಸುತ್ತಿದ್ದದ್ದು.
ಪ್ಲೇಟು ಅಚ್ಚಿನದೇ,
ನಾನು ಬರೆಯಲು ಅದರಲ್ಲಿ ಏನೂ ಇಲ್ಲ.

ಶನಿವಾರ, ಬಿಸಿಲೇರುವ ಮೊದಲು, ಬಾಯಾರಿನ ದಾರಿ.
ಮೂರನೇ ಗೇರಿಗೆ ಬೆನ್ನ ಹಿಂದೆ ಡಬ್ಬಿಗಳು ಕಟಕಟ ಎಂದವು.
ತಿರುವು ಬಂತು. ಅದರ ಕೊನೆಗೆ ನೋಡಿದೆ,
ಮೈ ತಾನೇ ವಾಲಿತು.
ನಡೆದು ಸವೆಸಿದ ರಸ್ತೆ, ಆದರೂ
ಗಾಳಿಗೆ ಹೀಗೆ ಅಂಗಿಯೊಳಗೆ ಬರಲು ಬರುತ್ತದೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಗೋಡೆಯ ಆನೆ ನೋಡಿ ಟೀಚರ್ ಕೇಳಿದರು,
‘ಇದೆಂತ ಐತಪ್ಪಣ್ಣ, ಒಂದು ಕಾಲು ನೆಲಕ್ಕೆ ಮುಟ್ಟಲೇ ಇಲ್ಲವಲ್ಲ?’
ಒಣಗಲಿ, ನೋಡುವ ಎಂದೆ.